ಎಡಗಡೆಯ ಹದಿನೆಂಟು ಸುತ್ತು

ಅಮ್ಮಾ,

ವಿಳಾಸ ಬರೆಯುವ ತೊಂದರೆಯಿಲ್ಲದ ಪತ್ರವಿದು. ನೀನು ಕೊನೆಯದಾಗಿ ಮಾಡಿದ ಕಾರ್ಟ್ರಿಜ್, ಹಾಡಿನ ತಟ್ಟೆ ತಿರುಗಿಸುವ ಟರ್ನ್‌ಟೇಬಲ್ಲಿನಲ್ಲಿ ಸೂಜಿಯ ನಡುಕವನ್ನು ಸದ್ದಾಗಿಸುವ ಆ ಪುಟ್ಟ ಡಬ್ಬಿ, ಇವತ್ತು ರಿಪೇರಿಗೆ ಬಂತು. ತಂದವರು ಒಬ್ಬ ಮೇಷ್ಟ್ರು.

"ಎಡಗಡೆ ಒಂಚೂರು ಮೆತ್ತಗೆ ಕೇಳುತ್ತೆ ಕಣ್ರೀ. ನನ್ನ ಕಿವೀನೋ, ಇದರ ಸುರುಳೀನೋ, ನೋಡಿ ಹೇಳಿ."

ಸೂಕ್ಷ್ಮದರ್ಶಕದ ಕೆಳಗೆ ಬಿಚ್ಚಿದೆ. ಒಂದೊಂದು ಕಿವಿಗೆ ಒಂದೊಂದರಂತೆ ಎರಡು ತಂತಿ ಸುರುಳಿ. ಕೂದಲಿಗಿಂತ ತೆಳುವಾದ ತಂತಿ ಎಣ್ಣೆ ಹಚ್ಚಿ ಬಾಚಿದ ತಲೆಯಂತಿತ್ತು, ಒಂದೆಳೆಯೂ ಇನ್ನೊಂದರ ಮೇಲೆ ಹತ್ತಿರಲಿಲ್ಲ. ಆದರೆ ಬಲಕ್ಕೆ ಇಪ್ಪತ್ತು ಸುತ್ತು, ಎಡಕ್ಕೆ ಹದಿನೆಂಟು; ಸುತ್ತು ಕಡಿಮೆಯಾದರೆ ಸದ್ದೂ ಕಡಿಮೆ.

ಮುಚ್ಚಳದೊಳಗೆ ನಿನ್ನ ಕೈಬರಹದ ತಾರೀಖು. ಅವತ್ತು ನಾನು ಕಟ್ಟಿಕೊಟ್ಟ ಪ್ರಾಸದಲ್ಲೇ ನೀನು ಸುತ್ತು ಎಣಿಸುತ್ತಿದ್ದೆ: "ಆರು, ಉಸಿರೇ ಜಾರು, ಏಳು, ತಂತಿಯೇ ತಾಳು..." ಬಾಗಿಲಲ್ಲಿ ನಿಂತು ನಾನಂದೆ: "ನಿಂಗೆ ಕಣ್ಣು ಕಾಣಲ್ಲಮ್ಮ, ಕೆಲಸ ಕೆಡಿಸ್ತೀಯ, ಬಿಟ್ಬಿಡು."

ನೀನು ತಲೆಯೆತ್ತದೆ ಎಣಿಸುತ್ತಲೇ ಹೋದೆ. ಬಾಯಿ ಎಣಿಸುತ್ತಿದ್ದರೂ ಕೈ ನಿಂತಿತ್ತೆಂದು ಇವತ್ತು ಗೊತ್ತಾಯಿತು. ನನ್ನ ಮಾತು ಸರಿಯಾಗಿ ಎರಡು ಸುತ್ತಿನಷ್ಟು ಉದ್ದವಿತ್ತು. ಮರುದಿನದಿಂದ ನೀನು ಕೆಲಸದ ಮೇಜಿಗೆ ಬರಲಿಲ್ಲ.

"ಸುತ್ತಿದೋರಿಗೆ ಕಣ್ಣು ಮಂಜಾಗಿತ್ತೇನೋ" ಅಂದರು ಮೇಷ್ಟ್ರು.

"ಕಣ್ಣು ಚೆನ್ನಾಗಿತ್ತು ಮೇಷ್ಟ್ರೇ. ನಡುವೆ ಯಾರೋ ಬಾಯಿ ಹಾಕಿದ್ದಾರೆ."

"ಅಂಥೋರನ್ನ ಒಳಗೇ ಬಿಡಬಾರ್ದು ಕಣ್ರೀ."

ಹೂಂ ಅಂದೆ, ಅಮ್ಮಾ.