ಓಡಿಹೋದವಳ ಪತ್ರ

ಹಾಲಹರವಿ
12 ಡಿಸೆಂಬರ್ 1984

ಗಂಗಮ್ಮಕ್ಕನಿಗೆ ತಂಗಿ ಹಂಪಮ್ಮನ ಶರಣು.

ಭಾವ ಬೊಂಬಾಯಿಯಲ್ಲಿ ನೋಡಿಬಂದ, ನಿಂತಲ್ಲೇ ಓಡುವ ಯಂತ್ರವನ್ನು ಕೊಡಿಸಲೋ ಬೇಡವೋ ಎಂದು ಕೇಳಿದ್ದೀ. ಚಳಿಗಾಲದ ನಸುಕಿನಲ್ಲಿ ಹೊರಗೆ ಹೋಗದೆ ಮನೆಯೊಳಗೇ ಓಡಬಹುದು, ನಿಜ. ಆದರೆ ನೀನು ಹೆದರಿದ್ದು ಚಳಿಗಲ್ಲ, ಊರಿನ ಬಾಯಿಗೆ.

ನಡೆದದ್ದು ಇಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದ ಗಂಡಸರು, ನಸುಕಿನಲ್ಲಿ ನಾನು ಓಡುತ್ತ ದಾಟಿದೊಡನೆ "ಉಚ್ಚೀರಪ್ಪನ ಮಗಳು ಓಡಿ ಹೋದ್ಲಪ್ಪೋ" ಎಂದು ನಕ್ಕರು. ಆ ಮಾತು ಆದೋನಿಯ ನಿನ್ನ ಮನೆ ಮುಟ್ಟುವಷ್ಟರಲ್ಲಿ ನನ್ನ ಜೊತೆಗೆ ಒಬ್ಬ ಗಂಡಸೂ ಓಡಿದ್ದ! ಗಂಡು ಓಡಿದರೆ ವ್ಯಾಯಾಮ, ಹೆಣ್ಣು ಓಡಿದರೆ ಹಾದರವೇ?

ಅಕ್ಕಾ, ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಈ ಮನೆಯಲ್ಲಿ ಮಾತಿಲ್ಲ. ದಿನಕ್ಕೊಮ್ಮೆ ನನ್ನನ್ನು ಅಕ್ಕರೆಯಿಂದ ಮಾತಾಡಿಸುವವಳು ನಾನು ಓಡುವ ರಸ್ತೆ ಬದಿಯ ಕುರಿಹಟ್ಟಿಯ ಬಸವಕ್ಕ ಒಬ್ಬಳೇ. "ಯಾಕಬೇ ಯವ್ವಾ, ಇವತ್ತ ತಡಾ ಆತಲ್ಲ?" ಅನ್ನುತ್ತಾಳೆ. ಯಂತ್ರ ಹಾಗೆ ಕೇಳುವುದಿಲ್ಲ.

ಯಂತ್ರ ಬೇಡ. ಸಂಕ್ರಾಂತಿಗೆ ನೀನೇ ಬಾ. ಶಾಲೆಯ ಓಟದಲ್ಲಿ ನನ್ನನ್ನು ಹಿಂದೆ ಹಾಕಿದವಳು ನೀನು. ಒಂದು ನಸುಕು ನನ್ನ ಜೊತೆ ಓಡು. ಅಕ್ಕ ತಂಗಿ ಇಬ್ಬರೂ ಓಡಿಹೋದರು ಎನ್ನಲಿ.

ದಾರಿ ಕಾಯುವ ನಿನ್ನ ತಂಗಿ,
ಹಂಪಮ್ಮ