ಬೋರ್ಡಿನ ಮೂಲೆಯ ತಾರೀಖು

ಮನೆಯಿಂದ,
ಬುಧವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಗುಬ್ಬೀ,

ನೆಗಡಿ ಬಿಟ್ಟಿತೇ? ಹಾಸ್ಟೆಲಿನ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಿ ಫ್ಯಾನಿನ ಕೆಳಗೆ ಕೂರಬೇಡ. ಹೊಟ್ಟೆ ತುಂಬ ಊಟ ಮಾಡು, ಸಣ್ಣಗಾಗುವ ಶೋಕಿ ಪರೀಕ್ಷೆ ಮುಗಿದ ಮೇಲಿರಲಿ. ಅಪ್ಪನ ಮಂಡಿನೋವು ಈಗ ವಾಸಿ. ನನಗಿರುವ ತಲೆನೋವು ಇಲಾಖೆಯವರು ಕಳಿಸಿದ್ದು.

ನಮ್ಮ ಶಾಲೆಗೆ ಬೆರಳಿಟ್ಟರೆ ಪಾಠ ತೋರಿಸುವ ಸ್ಮಾರ್ಟ್ ಬೋರ್ಡು ಬಂದಿದೆ. ಅದನ್ನು ಬಳಸುವುದು ಹೇಗೆಂದು ಕಲಿಸಲು ನಿನ್ನೆ ನಮ್ಮಲ್ಲೇ ತರಬೇತಿ ಇತ್ತು. ಸೋಮವಾರ ಇನ್‌ಸ್ಪೆಕ್ಟರ್ ಮುಂದೆ ಒಬ್ಬೊಬ್ಬರೂ ಹತ್ತು ನಿಮಿಷ ಅದರಲ್ಲಿ ಪಾಠ ಮಾಡಬೇಕಂತೆ. ತಡವರಿಸಿದವರಿಂದ ಹತ್ತನೇ ತರಗತಿ ಕಿತ್ತುಕೊಳ್ಳುತ್ತಾರಂತೆ. ಇಪ್ಪತ್ತೆರಡು ವರ್ಷದಿಂದ ಹತ್ತನೆಯವರಿಗೆ ಗಣಿತ ಹೇಳುತ್ತಿರುವವಳು ನಾನು! ಆ ತರಗತಿ ಹೋದರೆ ನನಗೆ ಶಾಲೆಯಲ್ಲಿ ಇನ್ನೇನಿದೆ?

ಕಲಿಸಲು ಬಂದವನ ಕೆನ್ನೆಗೊಂದು ಮೈಕು, ಕೊರಳಿಗೊಂದು ಗುರುತಿನ ಚೀಟಿ. ತರಗತಿಯಲ್ಲಿ ಒಂದು ದಿನವೂ ನಿಂತ ಮುಖವಲ್ಲ. ‘ಮಕ್ಕಳಿಗೆ ಭಾಷಣ ಬಿಗೀಬೇಡಿ, ಕೈಯಾರೆ ಮಾಡ್ಸಿ’ ಎಂದು ಐದು ಗಂಟೆ ಭಾಷಣ ಬಿಗಿದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಸುತ್ತಲಿನ ಶಾಲೆಗಳ ನಲವತ್ತು ಜನರಿಗೆ ಒಂದೇ ಬೋರ್ಡು, ಮುಟ್ಟಿದ್ದು ಅವನೊಬ್ಬನೇ. ಪರದೆಯ ಮೇಲಿದ್ದುದನ್ನು ನಮಗೆ ಓದಿ ಹೇಳಿದ, ನಾವೇನು ಅಕ್ಷರ ಬಾರದವರೇ? ಹಾಜರಿಯನ್ನೂ ಫೋನಿನಲ್ಲೇ ಹಾಕಬೇಕಂತೆ. ಡ್ರಾಯಿಂಗ್ ಮೇಷ್ಟ್ರದು ಗುಂಡಿ ಒತ್ತುವ ಫೋನು, ಪಾಪ, ಎದುರಿಗೇ ಕೂತಿದ್ದರೂ ಗೈರುಹಾಜರಿ. ನಮ್ಮ ಹೆಡ್‌ಮಾಸ್ಟರಂತೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಲೇ ನಿದ್ದೆ ಹೊಡೆದರು.

ಕೊನೆಗೆ ‘ಬನ್ನಿ ಮೇಡಂ, ನೀವೊಂದ್ಸಲ ನೋಡಿ’ ಎಂದು ನನ್ನನ್ನೇ ಕರೆದ. ಬೋರ್ಡಿನ ಮುಂದೆ ನಿಂತರೆ ನನ್ನ ಕೈ ತಾನಾಗಿ ಮೇಲಿನ ಮೂಲೆಗೆ ಹೋಗುತ್ತದೆ. ಮೇಜಿನ ಮೇಲಿದ್ದ ಪೆನ್ನು ತೆಗೆದು ತಾರೀಖು ಬರೆದೆ, ಕೆಳಗೊಂದು ಗೆರೆಯನ್ನೂ ಎಳೆದೆ. ಅದು ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯಲು ಅವನು ತಂದಿದ್ದ ಅಳಿಸದ ಮಸಿಯ ಪೆನ್ನಂತೆ! ನೀರು, ಸೋಪು, ಅವನ ಕರವಸ್ತ್ರ, ಯಾವುದಕ್ಕೂ ಜಗ್ಗಲಿಲ್ಲ. ಈಗ ಯಾವ ಪಾಠ ಬಂದರೂ ಮೂಲೆಯಲ್ಲಿ ಹದಿಮೂರನೇ ತಾರೀಖು. ‘ಈ ವಯಸ್ಸಿನವ್ರಿಗೆ ಕಷ್ಟಾನೇ ಬಿಡಿ’ ಅಂದ, ಅದೂ ಮೈಕಿನಲ್ಲಿ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಥವನು ಸಹಿ ಹಾಕಿದ ಪ್ರಮಾಣಪತ್ರವನ್ನು ಅಡುಗೆಮನೆಯ ಗೂಡಿಗೆ ಹಾಸಿದ್ದೇನೆ, ಎಣ್ಣೆ ಡಬ್ಬ ಇಡಲು ಅಳತೆ ಸರಿಯಾಗಿದೆ.

ಚೆನ್ನಾಗಿ ಓದು, ಕಣ್ಣು ಕೆಡಿಸಿಕೊಳ್ಳಬೇಡ. ಅಪ್ಪನದೂ ನನ್ನದೂ ಸೇರಿಸಿ ಬೊಗಸೆ ತುಂಬ ಆಶೀರ್ವಾದ.

ನಿನ್ನ
ಅಮ್ಮ

ಮರೆತಿದ್ದೆ: ಭಾನುವಾರ ಬೆಳಗಿನ ಬಸ್ಸಿಗೆ ಬಂದುಬಿಡು. ಫೋನಿನಲ್ಲಿ ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆ, ಅದಕ್ಕೇ ಕಾಗದ. ಜವಾನನಿಂದ ಶಾಲೆಯ ಬೀಗದಕೈ ಇಸಿದುಕೊಂಡಿದ್ದೇನೆ. ಆ ಬೋರ್ಡನ್ನು ಆನ್ ಮಾಡುವುದೂ ನನಗೆ ಗೊತ್ತಿಲ್ಲ ಕಣೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಮೇಲೆ ಬರೆದದ್ದರಲ್ಲಿ ಅರ್ಧ ಅದೇ. ‘ಗೊತ್ತಿಲ್ದಿದ್ರೆ ಎದ್ದು ಕೇಳ್ರೋ’ ಎಂದು ಮೂವತ್ತು ವರ್ಷ ಮಕ್ಕಳನ್ನು ಗದರಿದವಳಿಗೆ ನಿನ್ನೆ ಬಾಯಿ ಬರಲಿಲ್ಲ. ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿಕೊಡು. ನಾನು ನಿನಗೆ ಭಾಗಾಕಾರ ಹೇಳಿಕೊಟ್ಟ ಹಾಗೆ ಮಾತ್ರ ಬೇಡ.