ತಣ್ಣನೆ ಕೋಣೆಯ ಬಾಗಿಲು ಹಾಕುವ ಮುನ್ನ

ಉಪ್ಪುತಿಂಗಳು ಮೂವತ್ತನಾಲ್ಕು, ನೀರೇರಿದ ಮೇಲಿನ ಐದನೆಯ ತಲೆಮಾರು

ಗುಡ್ಡದ ಮೇಲಿನ ಬೀಜ ಸಂಶೋಧನಾ ಕೇಂದ್ರದಲ್ಲಿ ಈಗ ಕೆಲಸ ಮಾಡುತ್ತಿರುವವರಿಗೆ,

ಮೇಲಿನ ತಾರೀಖು ನಿಮಗೆ ಅರ್ಥವಾಗಲಿಕ್ಕಿಲ್ಲ; ನಾನು ಬರೆಯುತ್ತಿರುವುದು ನಿಮ್ಮ ಕಾಲ ಮುಗಿದು ಎಷ್ಟೋ ತಲೆಮಾರಿನ ಮೇಲೆ. ಸಮುದ್ರ ಗದ್ದೆಗೆ ನುಗ್ಗಿ ಹಿಂದಿರುಗುವ ತನಕದ ದಿನಗಳನ್ನು ನಾವು ವರ್ಷದಲ್ಲಿ ಸೇರಿಸುವುದಿಲ್ಲ. ಉಪ್ಪುತಿಂಗಳೆಂದು ಹೆಸರಿಟ್ಟು ಹೊರಗೆ ಬಿಟ್ಟಿದ್ದೇವೆ. ಅದು ಎಷ್ಟು ದಿನದ್ದೆಂದು ಸಮುದ್ರವೇ ಹೇಳಬೇಕು. ಇಂಥ ಪದಗಳು ಇನ್ನೂ ಬರುತ್ತವೆ, ಮನ್ನಿಸಿ. ನಿಮ್ಮ ಕನ್ನಡವನ್ನು ನಾನು ನೀರು ಕುಡಿದು ಉಬ್ಬಿದ ಪುಸ್ತಕಗಳಿಂದ ಕಲಿತವಳು.

ನನ್ನ ಹೆಸರು ಶೇವಂತಿ. ಅಘನಾಶಿನಿಯ ಹಿನ್ನೀರಿನ ಒಂದು ಕೇರಿಗೆ ನಾನು ನಾಲಿಗೆಯವಳು. ಅಂದರೆ, ಬೆಳಿಗ್ಗೆ ಪ್ರತಿ ಗದ್ದೆಯ ನೀರನ್ನೂ ಬಾಯಿಗೆ ಹಾಕಿ, ಉಪ್ಪು ಎಷ್ಟೆಂದು ಹೇಳಿ, ಉಗಿಯುವುದು. ಗದ್ದೆಗೆ ನೀರು ಬಿಡುವ ಒಡ್ಡಿನ ಹಲಗೆ ಎತ್ತುವುದೂ ಇಳಿಸುವುದೂ ನನ್ನ ಮಾತಿನ ಮೇಲೆ. ಐವತ್ತು ಹತ್ತಿರವಾಯಿತು; ಊಟದ ರುಚಿ ಹೋಗಿ ಬಹಳ ಕಾಲವಾಯಿತು. ನಮ್ಮ ಸಾರಿಗೆ ಉಪ್ಪು ಹಾಕುವವಳು ಪಕ್ಕದ ಮನೆಯ ಹೊನ್ನಕ್ಕ, ನನ್ನ ಗಂಡನ ಅಕ್ಕ. ಮಳೆಯ ನೀರನ್ನು ಕುಡಿಯಲು ಹಿಡಿದಿಡುತ್ತೇವೆ; ಮೀಯುವುದು, ಒಗೆಯುವುದು ಎಲ್ಲ ಸವುಳು ನೀರಿನಲ್ಲೇ. ಒಣಗಿದ ಸೀರೆ ಮೈಗೆ ತಾಗಿದರೆ ಸಣ್ಣಗೆ ಕೆರೆಯುತ್ತದೆ, ಮಕ್ಕಳಿಗೆ ಅದೇ ಅಭ್ಯಾಸ. ಇಲ್ಲಿ ಬೆಳೆಯುವುದು ಉಪ್ಪು ತಡೆಯುವ ಕಗ್ಗವೆಂಬ ಭತ್ತ ಒಂದೇ.

ನಮ್ಮಲ್ಲಿ ಯಾರೂ ತಮ್ಮ ಬೀಜವನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಭತ್ತವನ್ನು ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟಿ ಇನ್ನೊಂದು ಮನೆಗೆ ಕೊಟ್ಟು, ಅವರ ಮುಡಿಯನ್ನು ತಂದು ಅಟ್ಟದ ಮೇಲಿಡುತ್ತೇವೆ. ಒಂದು ಮನೆ ಮುಳುಗಿದರೆ ಇನ್ನೊಂದರಲ್ಲಿ ಉಳಿಯಲಿ ಎಂದು. ಈ ಸಲ ಗಾಳಿ ಜೋರಾಗುವ ಸೂಚನೆ ಕಂಡು, ಎಲ್ಲರೂ ಸೇರಿ ಎಲ್ಲ ಮುಡಿಗಳನ್ನೂ ಎತ್ತರದ ಹಳೆ ಶಾಲೆಯ ಅಟ್ಟಕ್ಕೆ ಸಾಗಿಸಿದೆವು. ಮನೆಗಳು ಉಳಿದವು. ಶಾಲೆ ನೀರಿಗೆ ಕುಸಿಯಿತು.

ಬೀಜವಿಲ್ಲದ ಕೇರಿ ಇಲ್ಲಿ ಬದುಕಲಾರದು. ಘಟ್ಟದ ಬುಡದ ಊರುಗಳು ನಮ್ಮನ್ನು ಸೇರಿಸಿಕೊಳ್ಳಲು ಒಪ್ಪಿವೆ, ಊರಿಗೊಂದು ಮನೆಯ ಲೆಕ್ಕದಲ್ಲಿ. ಹೊನ್ನಕ್ಕ ಒಂದು ದಿಕ್ಕಿಗೆ, ನಾನೊಂದು ದಿಕ್ಕಿಗೆ. ಹಾಗಾಗಬಾರದೆಂದು ನಾವಿಬ್ಬರೂ ದೋಣಿ ಹತ್ತಿ ನಿಮ್ಮಲ್ಲಿಗೆ ಬಂದೆವು. ನೀವು ಕಗ್ಗವನ್ನು ಕಾಪಿಟ್ಟಿದ್ದೀರೆಂದು ಹಿರಿಯರು ಹೇಳುತ್ತಿದ್ದರು.

ನಿಮ್ಮ ಮೆಟ್ಟಿಲ ಮೇಲೆ ಹಾವಸೆ ಕಟ್ಟಿದೆ. ಒಂದು ಕುರ್ಚಿಯ ಬೆನ್ನಿಗೆ ಯಾರದೋ ಟವೆಲು ಇನ್ನೂ ಇತ್ತು, ಮುಟ್ಟಿದರೆ ಪುಡಿಯಾಯಿತು. ಹೊನ್ನಕ್ಕ ಕೋಣೆಯಿಂದ ಕೋಣೆಗೆ ಇಣುಕುತ್ತ, "ಇಷ್ಟೆಲ್ಲ ಕೋಣೆ ಎಂತಕ್ಕೆ ಇವರಿಗೆ? ಒಂದು ಒಲೆ ಕಾಣುದಿಲ್ಲ ಮಾರಾಯ್ತಿ," ಎಂದಳು. ಕಡೆಯದು ನೀವು ಬೀಜವನ್ನು ತಣ್ಣಗಿಡುತ್ತಿದ್ದ ಕೋಣೆ, ಅದರ ಬಾಗಿಲು ಒಂದು ಗೇಣು ದಪ್ಪ. ಒಳಗೆ, ಮಾಡಿನವರೆಗೂ ಬೆಳ್ಳಿಬಣ್ಣದ ಪೊಟ್ಟಣಗಳು, ಪ್ರತಿಯೊಂದರ ಮೇಲೂ ಹೆಸರು. ಅಷ್ಟು ಅಚ್ಚುಕಟ್ಟನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊನ್ನಕ್ಕ ಕಗ್ಗದ ಪೊಟ್ಟಣ ಬಿಚ್ಚಿ ಒಂದು ಕಾಳನ್ನು ಕಚ್ಚಿ ಉಗಿದಳು. "ಹಲ್ಲಿಗೇ ಗೊತ್ತಾತೇ ತಂಗಿ. ಸತ್ತು ಯಾವ ಕಾಲ ಆತೋ."

ಆದರೂ ನೆನೆಸಿದೆವು. ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೈಯ ಬಿಸಿ ತಾಗಲೆಂದು ಸೊಂಟಕ್ಕೆ ಸುತ್ತಿಕೊಳ್ಳುವುದು ನಮ್ಮ ಕ್ರಮ. ಗಂಟುಗಳನ್ನು ಸುತ್ತಿಕೊಂಡು ಕೂತ ಹೊನ್ನಕ್ಕ, "ಈ ಪ್ರಾಯದಲ್ಲಿ ನನ್ನ ಬಸುರಿ ಮಾಡಿ ಹೋದ್ರಲ್ಲೇ ನಿನ್ನ ಸಂಶೋಧಕರು," ಎಂದು ನಕ್ಕಳು. ಮೊಳಕೆ ಬರುವ ಹೊತ್ತು ಕಳೆಯಿತು. ಮತ್ತೂ ಕಾದೆವು. ಬಿಚ್ಚಿದಾಗ ಬಂದದ್ದು ಹಳಸಲು ವಾಸನೆ. ಕರೆಂಟು ನಿಂತ ವರ್ಷವೇ ನಿಮ್ಮ ಕೋಣೆ ಬೆಚ್ಚಗಾಗಿರಬೇಕು.

ಗಂಟುಗಳನ್ನು ಸುರಿಯಲು ಹಿಂಬದಿಗೆ ಹೋದೆವು. ನಿಮ್ಮ ಕಟ್ಟಡದ ಕೊಳೆನೀರು ಹರಿಯುತ್ತಿದ್ದ ಚರಂಡಿ ಗುಡ್ಡವಿಳಿದು ಹಿನ್ನೀರಿಗೆ ಸೇರುತ್ತದಲ್ಲ, ಅಲ್ಲಿ, ಜೊಂಡಿನ ನಡುವೆ, ಎದೆಯೆತ್ತರದ ಕಗ್ಗದ ಕೆಂಪು ತೆನೆ ಬಾಗಿತ್ತು. ನೀವು ತೊಳೆದು ಚೆಲ್ಲಿದ್ದೋ, ಗುಡಿಸಿ ಎಸೆದದ್ದೋ. ಕಾಡಾಗಿದೆ, ಮುಟ್ಟುವುದರೊಳಗೆ ಕಾಳು ಉದುರುತ್ತದೆ. ಬುಡದ ನೀರನ್ನು ಬಾಯಿಗೆ ಹಾಕಿದೆ. ನಮ್ಮ ಗದ್ದೆಯದೇ ಉಪ್ಪು. ತೆನೆಯ ಕೆಳಗೆ ಸೆರಗು ಹಿಡಿದು ಅಲ್ಲಾಡಿಸಿದೆವು. ಸಿಕ್ಕಿದ್ದು ಇಬ್ಬರ ಬೊಗಸೆ ತುಂಬುವಷ್ಟು.

ಒಂದು ಕೇರಿಗೆ ಅದು ಸಾಲದು. ನಾಳೆ ಕೇರಿ ಖಾಲಿಯಾಗುತ್ತದೆ. ಕಾಳನ್ನು ಮನೆಗಿಷ್ಟೆಂದು ಹಂಚಿದವಳು ಹೊನ್ನಕ್ಕನೇ. ಯಾವ ಊರಿಗೆ ಹೋದರೂ, ಅಲ್ಲಿ ಉಪ್ಪಿರಲಿ ಇಲ್ಲದಿರಲಿ, ಮಡಕೆಯಲ್ಲಾದರೂ ಬಿತ್ತಿ, ಸುಗ್ಗಿಗೆ ಒಂದು ಹಿಡಿಯನ್ನು ಕೇರಿಯ ಇನ್ನೊಂದು ಮನೆಯವರಿಗೆ ಕಳಿಸಬೇಕೆಂದು ಎಲ್ಲರಿಂದ ಮಾತು ತೆಗೆದುಕೊಂಡಳು. ಅವಳ ಪಾಲು ನನ್ನ ಸೆರಗಿನಲ್ಲಿದೆ, ನನ್ನದು ಅವಳ ಸೆರಗಿನಲ್ಲಿ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹೆದರಿದವರು ಎಲ್ಲವನ್ನೂ ಒಂದೇ ಕಡೆ ಕೂಡಿಡುತ್ತಾರೆಂದು ನಮಗೂ ಗೊತ್ತು, ಶಾಲೆಯ ಅಟ್ಟದಲ್ಲಿ ನಾವೂ ಅದನ್ನೇ ಮಾಡಿದೆವು. ಒಂದೇ ಬೇಡಿಕೆ. ಈ ಸಂಜೆ ಆ ದಪ್ಪ ಬಾಗಿಲು ಹಾಕುವ ಮುನ್ನ ಒಂದು ಹಿಡಿ ಹೊರಗೆ ತನ್ನಿ. ಮಳೆಗೆ ನೆನೆಯುವ, ಹಕ್ಕಿ ತಿನ್ನುವ, ಹಾಳಾಗಬಹುದಾದ ಜಾಗದಲ್ಲಿ ಬಿತ್ತಿ. ಮರುವರ್ಷ ಮತ್ತೆ ಬಿತ್ತಿ. ಉಳಿದದ್ದನ್ನು ಬೇಕಾದರೆ ಭದ್ರವಾಗಿಡಿ.

ಹೊನ್ನಕ್ಕ ಕರೆಯುತ್ತಿದ್ದಾಳೆ. ಈ ಒಲೆಯ ಮೇಲೆ ಇವತ್ತಿನದೇ ಕಡೆಯ ಸಾರು. ಉಪ್ಪು ಅವಳು ಹಾಕಿಯಾಗಿದೆ.

ಶೇವಂತಿ